ಒಂದು ಸಣ್ಣ ಪ್ರಾರ್ಥನೆ

ಸೂರತ್ತಿನಲ್ಲಿ ಮಗ್ಗದ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಸೈಲಸ್ ಕರ್ಕಡರ ಮನೆಯಲ್ಲಿ ಬಿಸಿ ಊಟ ಮಾಡಿದವರು ಯಾರೂ ಇಲ್ಲ. “ಕೂತುಕೊಳ್ಳಿ ಮಾರಾಯ್ರೆ, ಒಂದು ಸಣ್ಣ ಪ್ರಾರ್ಥನೆ” ಎಂದು ಅವರು ಕಣ್ಣು ಮುಚ್ಚಿದರೆ ತೆರೆಯಲು ಸರಾಸರಿ ಹನ್ನೊಂದು ನಿಮಿಷ. ಪಕ್ಕದ ಮನೆಯವನಾದ ನಾನು ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಮಂಗಳೂರಿನ ನೆಂಟರು, ಊರಾಚೆಯ ಸಚಿನ್ ಕೈಗಾರಿಕಾ ಪ್ರದೇಶದ ಗಿರಾಕಿಗಳು, ಅಂಗಡಿಯ ಕೆಟ್ಟುನಿಂತ ಟೆಂಪೊ, ಯಾವುದನ್ನೂ ಬಿಡದೆ ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತಿದ್ದರು. ಹೊರಗೆಲ್ಲ ಗುಜರಾತಿ ಆಡುವ ಅವರ ಮಗ ಜಯಂತನಿಗೆ ಈ ಪ್ರಾರ್ಥನೆಯೊಂದೇ ಕನ್ನಡ ಶಾಲೆ. ಹಾಗಾಗಿ ನಲವತ್ತರ ಹತ್ತಿರ ಬಂದರೂ ಅವನು, “ಅಮ್ಮಾ, ಚಟ್ನಿಯನ್ನು ಇನ್ನೂ ಸ್ವಲ್ಪ ದಯಪಾಲಿಸು” ಎನ್ನುತ್ತಿದ್ದ. “ಬಡಿಸು ಅಂತ ಹೇಳು ಮಾರಾಯ, ನಾನೆಂತ ದೇವರಾ?” ಎಂದು ತಾಯಿ ನಗುತ್ತಿದ್ದರು. “ಇರಲಿ ಬಿಡು, ನಾಳೆ ಪ್ರಾರ್ಥನೆಗೆ ಬೇಕಾಗ್ತದೆ” ಎನ್ನುತ್ತಿದ್ದರು ಕರ್ಕಡರು. ಆದರೆ ಪ್ರಾರ್ಥನೆ ಮಾಡೆಂದರೆ ಜಯಂತ, “ನೀವೇ ಮಾಡಿ ಪಪ್ಪಾ” ಎಂದು ನಾಚಿ ಜಾರಿಕೊಳ್ಳುತ್ತಿದ್ದ. ತೊಂಬತ್ತೇಳನೇ ಇಸವಿಯಲ್ಲಿ, ಎಂಬತ್ತೊಂದು ವರ್ಷದ ಕರ್ಕಡರು ಮಾತು ನಿಂತು ಆಸ್ಪತ್ರೆಯಲ್ಲಿ ಮಲಗಿದ್ದಾಗ, ನಾನು ಒಯ್ದ ಬಿಸಿ ಗಂಜಿಯನ್ನು ಮುಟ್ಟದೆ ಮಗನ ಮುಖವನ್ನೇ ನೋಡಿದರು. ಜಯಂತ ಮೊದಲ ಸಲ ತಾನಾಗಿ ಕೈ ಜೋಡಿಸಿದ. “ತಂದೆಯೇ” ಎಂದು ತಡವರಿಸಿ, “ನಮ್ಮ ತಂದೆಯನ್ನು ಇನ್ನೂ ಸ್ವಲ್ಪ ದಯಪಾಲಿಸು” ಎಂದ. ಆಮೇಲೆ ನೆಂಟರಿಂದ ಹಿಡಿದು ಟೆಂಪೊದವರೆಗೆ ಯಾವುದನ್ನೂ ಬಿಡಲಿಲ್ಲ. ಗಂಜಿ ಆರಿತು. ಅವತ್ತು ನಾನು ಗಡಿಯಾರ ನೋಡಲಿಲ್ಲ.