ಅಣ್ಣನಿಗೆ ನಾನು ಕೊಡದ ಓಟು

ಅಣ್ಣ ಕೈ ಎತ್ತಿದರೆ ಕಿರುಬೆರಳು ಮಾತ್ರ ಒಳಕ್ಕೆ ಬಾಗಿಯೇ ಇರುತ್ತಿತ್ತು. ಮೈಸೂರಿನಲ್ಲಿ ಕ್ರಿಕೆಟ್ ಚೆಂಡು ಬಡಿದು ಮುರಿದದ್ದು, ಮತ್ತೆ ನೆಟ್ಟಗಾಗಲೇ ಇಲ್ಲ. ಅಪ್ಪ ಹೋದ ಮೇಲೆ ಅಮ್ಮ ಅಮೆರಿಕದ ಕ್ಯಾಂಟನ್ನಿನ ಅವನ ಮನೆಯಲ್ಲಿದ್ದಳು. ಅದೇ ದೇಶದಲ್ಲಿ ನಾನಿದ್ದ ವುಡ್‌ರಿಡ್ಜ್‌ನಿಂದ ಹೋದಾಗಲೆಲ್ಲ, ಜಗಳವಾಗಬಾರದೆಂದು ಅವನು ಎಲ್ಲದಕ್ಕೂ ಓಟು ಹಾಕಿಸುತ್ತಿದ್ದ. ಪಲ್ಯಕ್ಕೆ ಹೀರೇಕಾಯಿಯೋ ಬೆಂಡೇಕಾಯಿಯೋ ಎನ್ನುವುದಕ್ಕೂ ಮೂವರೂ ಕೈ ಎತ್ತಬೇಕು. ಅಮ್ಮನ ಕೈ ಯಾವಾಗಲೂ ಅವನ ಕೈಯ ಹಿಂದೆಯೇ ಏಳುತ್ತಿತ್ತು.

"ನೀನೇ ಸೋತೆ ಕಣೇ ಪುಟ್ಟಿ," ಎಂದು ಅವನು ನಕ್ಕರೆ ನನಗೆ ಮೈ ಉರಿಯುತ್ತಿತ್ತು. ಅವನು ಎಂಜಿನಿಯರಿಂಗ್ ಓದಿದವನು. ನಾನು ಎಸ್ಸೆಸ್ಸೆಲ್ಸಿಗೇ ನಿಂತವಳು, ಅಂಗಡಿಯೊಂದರ ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುವವಳು. ಅಮ್ಮನಾದರೂ ನನ್ನ ಪಾಲಿಗಿರಲಿ ಎನಿಸುತ್ತಿತ್ತು.

ಕುಡಿದು ಕಾರು ಓಡಿಸಿ ಒಬ್ಬರ ಜೀವ ತೆಗೆದು ಅಣ್ಣ ಜೈಲಿಗೆ ಹೋದ. ಅಮ್ಮ ಅವನ ಮನೆಯಲ್ಲೇ ಉಳಿದು, ಶನಿವಾರ ಯಾರದಾದರೂ ಕಾರು ಹತ್ತಿ ಅವನನ್ನು ನೋಡಿ ಬರುತ್ತಿದ್ದಳು. ಅಷ್ಟೆಲ್ಲ ಆದ ಮೇಲೂ ಅವನೇ ಮೊದಲು!

ಶಿಕ್ಷೆ ಮುಗಿಯುವ ತನಕ ಚುನಾವಣೆಯಲ್ಲಿ ಓಟಿಲ್ಲವೆಂಬುದು ಅವನನ್ನು ಕೊರೆಯುತ್ತಿತ್ತು. ಜೈಲಿನ ಲೈಬ್ರರಿಯಲ್ಲಿ ಓದಿದ್ದನ್ನು ಫೋನಿನಲ್ಲಿ ಹೇಳುತ್ತಿದ್ದ. "ಯುರೋಪಲ್ಲಿ ಹಲವು ದೇಶ ಸೇರಿ ಒಂದು ಕೋರ್ಟ್ ಮಾಡ್ಕೊಂಡಿವೆ. ಖೈದಿಗಳು ಅಂತ ಎಲ್ಲರ ಓಟೂ ಒಟ್ಟಿಗೆ ಕಿತ್ಕೋಬೇಡಿ ಅಂತು. ಒಂದು ದೇಶ, ನಮ್ಮ ಪಾರ್ಲಿಮೆಂಟ್ ಇರುವಾಗ ನೀವ್ಯಾರು ಹೇಳೋಕೆ ಅಂತ ವರ್ಷಗಟ್ಟಲೆ ಜಗಳ ಆಡ್ತು."

"ಸರಿಯಾಗೇ ಕೇಳಿದ್ದಾರೆ. ನಮ್ಮ ಮನೆಗೆ ಹೊರಗಿನವರು ಯಾಕೆ ಬುದ್ಧಿ ಹೇಳ್ಬೇಕು?"

"ಅವರ ಮಾತಲ್ಲೂ ನ್ಯಾಯ ಇದೆ ಕಣೇ. ಆದ್ರೆ ತಪ್ಪು ಮಾಡಿದವನ ಪರ ಮನೆಯೊಳಗೆ ಯಾರೂ ಇಲ್ದಿದ್ರೆ, ಹೊರಗಿನವರೇ ತಾನೇ ಮಾತಾಡ್ಬೇಕು?"

ಒಂದು ಚಳಿಗಾಲ ಅಮ್ಮ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ನನ್ನ ಮನೆಗೆ ಬಂದುಬಿಡು ಎಂದೆ.

"ಓಟು ಹಾಕೋಣ. ಅವನು ಫೋನ್ ಮಾಡ್ಲಿ."

"ಜೈಲಲ್ಲಿರೋರಿಗೆ ಓಟಿಲ್ಲಮ್ಮ."

"ಜೈಲಿಗೆ ಹೋದ್ರೆ ಮಗ ಅಲ್ದೆ ಹೋಗ್ತಾನೇನೇ?"

ಮೈಸೂರಿನಿಂದ ಸೋದರಮಾವ ಫೋನ್ ಮಾಡಿ, "ಅವನನ್ನೂ ಒಂದ್ಮಾತು ಕೇಳಮ್ಮ," ಎಂದರು.

"ಇದು ನಮ್ಮನೆ ವಿಷಯ ಮಾವ. ಅಲ್ಲಿ ಕೂತ್ಕೊಂಡು ತೀರ್ಪು ಕೊಡ್ಬೇಡಿ," ಎಂದು ಫೋನಿಟ್ಟೆ. ಅಣ್ಣನ ಕೈ ಸೇರಿದರೆ ಈ ಸಲವೂ ಸೋಲುವವಳು ನಾನೇ ಎಂದು ನನಗೆ ಖಾತ್ರಿಯಿತ್ತು.

ಅಮ್ಮ ಉಳಿಯುವುದಕ್ಕೆ ಕೈ ಎತ್ತಿದಳು, ನಾನು ಹೊರಡುವುದಕ್ಕೆ. "ಬಿದ್ರೆ ಎತ್ತೋಳು ನಾನು ತಾನೇ?" ಎಂದೆ. ಅಮ್ಮ ಕೈ ಇಳಿಸಿ, ಸೀರೆಗಳನ್ನು ಮಡಚತೊಡಗಿದಳು.

ನನ್ನ ಮನೆಯಿಂದ ಆ ಜೈಲು ನೂರಾರು ಮೈಲಿ. ಕರೆದುಕೊಂಡು ಹೋಗುತ್ತೇನೆ ಎನ್ನುತ್ತಲೇ ಮುಂದೂಡಿದೆ. ಮಗನನ್ನು ಮತ್ತೆ ನೋಡದೆಯೇ ಅಮ್ಮ ತೀರಿಕೊಂಡಳು.

ಅಣ್ಣ ಬಿಡುಗಡೆಯಾದಾಗ ಕರೆತರಲು ನಾನೇ ಹೋದೆ. ಅವನನ್ನು ಕೇಳದೆ ಓಟು ಹಾಕಿದ್ದನ್ನೆಲ್ಲ ಕಾರಿನಲ್ಲಿ ಹೇಳಿಬಿಟ್ಟೆ. ಅವನು ಕಿರುಬೆರಳು ಬಾಗಿದ ಆ ಕೈ ಎತ್ತಿದ.

"ಕೇಳಿದ್ರೆ ನಿನ್ನ ಕಡೆಗೇ ಹಾಕ್ತಿದ್ದೆ ಕಣೇ. ಆ ಹಿಮದಲ್ಲಿ ಅಮ್ಮ ಬರೋದನ್ನ ನೋಡೋಕಾಗ್ತಿರ್ಲಿಲ್ಲ. ನಾನೇ ಹೇಳಿ ಕಳಿಸ್ತಿದ್ದೆ."

ಅವನು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಋಣ ತೀರುವಂಥದ್ದಲ್ಲ. ಆದರೂ ನಿಜ ಹೇಳಬೇಕು: ಅಮ್ಮ ನನ್ನ ಮನೆಯಲ್ಲಿ ಮನಸ್ಸಿಲ್ಲದೆ ಇದ್ದಳು, ಅವನು ಒಂದು ಮಾತು ಹೇಳಿದ್ದರೆ ನಗುತ್ತಾ ಬರುತ್ತಿದ್ದಳು. ಅದನ್ನು ನೆನೆದಾಗ ಮೊದಲು ಬರುವುದು ಈಗಲೂ ಹೊಟ್ಟೆಕಿಚ್ಚೇ, ಅಳು ಆಮೇಲೆ.