ಗೋಡೆಯ ಮೇಲಿನ ಐದು ಸಾಲು

ಹೊನ್ನಾಳಿಯ ನಮ್ಮ ಮನೆಗೆ ಮೊನ್ನೆ ಬಣ್ಣ ಬಳಿಯಲು ಬಂದ ಸಿದ್ದೇಶ, ಮೂಲೆಯ ಹಳೆಯ ಕಂಪ್ಯೂಟರನ್ನು ಸರಿಸಿ, "ಸಾರ್, ಗೋಡೆ ಮ್ಯಾಲೆ ಪೆನ್ಸಿಲ್‌ನಾಗೆ ಏನೋ ಬರ್ದೈತೆ. ಬಳಿದುಬಿಡ್ಲಾ?" ಎಂದ. ಡಬ್ಬದಲ್ಲಿದ್ದುದು ಹೊಸ ಕಾಲದ ಬಣ್ಣ. ನನ್ನ ಮೂಗಿಗೆ ಬಡಿದದ್ದು ಮಾತ್ರ ಹಸಿ ಸುಣ್ಣದ ವಾಸನೆ. ವಯಸ್ಸಾದ ಮೂಗು ಎದುರಿಗಿರುವುದನ್ನು ಬಿಟ್ಟು ಇಲ್ಲದ್ದನ್ನೇ ಮೂಸುತ್ತದೆ. "ಸ್ವಲ್ಪ ತಡಿಯಪ್ಪಾ" ಎಂದು ಕುರ್ಚಿ ಎಳೆದು ಕೂತೆ. ನೀವೂ ಕೂತುಕೊಳ್ಳಿ.

ಆ ಐದು ಸಾಲು ನ್ಯಾಮತಿಯ ಪರಮೇಶಣ್ಣನ ಆಸ್ತಿ. ನಾನು ಅಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗ ಬಿಡುವಿನಲ್ಲಿ ಅವನ ಮುದ್ರಣಾಲಯಕ್ಕೆ ಹೋಗಿ ಮದುವೆ ಪತ್ರಿಕೆಗಳ ತಪ್ಪು ತಿದ್ದುತ್ತಿದ್ದೆ. ಮುದ್ರಣಾಲಯವೆಂದರೆ ಒಂದು ಕೋಣೆ, ಒಂದು ಪ್ರಿಂಟರು ಮತ್ತು ಸರ್ಕಾರಿ ನೌಕರಿಯಲ್ಲಿದ್ದಿದ್ದರೆ ಎಂದೋ ಹಾರ ಹಾಕಿಸಿಕೊಂಡು ನಿವೃತ್ತವಾಗಬೇಕಿದ್ದ ಈ ಕಂಪ್ಯೂಟರು. ಚನ್ನಗಿರಿಯಿಂದ ಬಂದ ರಿಪೇರಿಯವನು ಅದಕ್ಕೆ ಲಿನಕ್ಸ್ ಎಂಬ ಹೊಸ ಕಾರ್ಯವ್ಯವಸ್ಥೆ ಹಾಕಿ ಪುನರ್ಜನ್ಮ ಕೊಟ್ಟ. ಪುನರ್ಜನ್ಮಕ್ಕೊಂದು ಹುಟ್ಟುರೋಗವೂ ಬಂತು. ಗುಂಡಿ ಒತ್ತಿದರೆ ಲಾಂಛನ ಮೂಡುತ್ತಿತ್ತು, ಆಮೇಲೆ ಪರದೆ ಕಲ್ಲಾಗುತ್ತಿತ್ತು. ಹೊಸ ಲಿನಕ್ಸು ಕಣ್ಣು ಬಿಡುತ್ತಲೇ ಪರದೆಗೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡನ್ನು ತನ್ನ ದಾರಿಗೆ ಎಳೆಯಲು ಹೋಗುವುದು, ಅದು ಮುದಿ ಎತ್ತಿನಂತೆ ಮಲಗಿಬಿಡುವುದು, ಇಷ್ಟೇ ಕಥೆ.

ಚನ್ನಗಿರಿಯವನು ಮದ್ದು ಕಂಡುಹಿಡಿದು ಕ್ಯಾಲೆಂಡರಿನ ಪಕ್ಕ ಗೋಡೆಯ ಮೇಲೆ ಬರೆದ. ಶುರುವಿನಲ್ಲೇ ಮೆನು ತರಿಸು, 'ಇ' ಒತ್ತು, ಲಿನಕ್ಸ್ ಎಂದಿರುವ ಸಾಲಿನ ಕೊನೆಗೆ ಹೋಗು, ನೋಮೋಡ್‌ಸೆಟ್ ಎಂದು ಬರಿ, ಎಫ್ ಹತ್ತು ಒತ್ತು. ಚಿತ್ರದ ಉಸಾಬರಿ ನಿನಗೆ ಬೇಡ, ಇದ್ದ ಹಾಗೆ ಏಳು ಎಂಬುದು ಆ ಪದದ ತಾತ್ಪರ್ಯ. ಎಮ್ಮೆ ಕರು ಹಾಕಿದ ದಿನ, ಸಿಲಿಂಡರ್ ಬಂದ ದಿನ ಎಲ್ಲ ಮೊದಲೇ ಅಲ್ಲಿದ್ದವು. ನಮ್ಮ ಕಡೆ ಗೋಡೆಯೇ ಕಡತ.

"ಇದು ಇವತ್ತಿಗೆ ಮಾತ್ರ. ಒಂದು ಫೈಲಿಗೆ ಸೇರಿಸಿಬಿಟ್ರೆ ಪರ್ಮನೆಂಟ್" ಎಂದ ಚನ್ನಗಿರಿಯವನು.

"ದಿನಾ ಸ್ನಾನ ಮಾಡ್ತೀರಲ್ಲ, ಅದನ್ನ ಪರ್ಮನೆಂಟ್ ಮಾಡಿಸ್ಕಂಡೀರೇನ್ರೀ?" ಎಂದ ಪರಮೇಶಣ್ಣ.

ಅಂದಿನಿಂದ ಪ್ರತಿ ಬೆಳಿಗ್ಗೆ ಊದುಬತ್ತಿ ಹಚ್ಚಿ, ಕನ್ನಡಕ ಏರಿಸಿ, ಗೋಡೆ ನೋಡುತ್ತ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದ. ನಾನು ಹಿಂದೆ ನಿಂತು ನಗುತ್ತಿದ್ದೆ.

ಸವಳಂಗದ ಹನುಮಂತಪ್ಪ ಸುಣ್ಣ ಬಳಿಯುವವನು. ಅವನ ಮಗಳಿಗೆ ಜಗಳೂರಿನ ಗಂಡು ಗೊತ್ತಾಯಿತು. ಪತ್ರಿಕೆಯಲ್ಲಿ ಸುಖಾಗಮನ ಬಯಸುವವರು ನಲವತ್ತೊಂದು ಜನ. ಯಾರ ಹೆಸರು ಯಾರ ಮೇಲೆ ಬರಬೇಕೆಂದು ಎರಡೂ ಕಡೆಯವರು ಮೂರು ಸಲ ಕೂತು ತೀರ್ಮಾನಿಸಿದ್ದರು. ದೇಶದ ಗಡಿ ಗುರುತಿಸುವುದೂ ಅಷ್ಟು ಕಷ್ಟವಿರಲಾರದು. ಆ ಒಪ್ಪಂದ ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ. ಭಾನುವಾರ ಹನುಮಂತಪ್ಪ, "ಮಗಳ ಪತ್ರಿಕೆ ಹೊರಡೋ ಜಾಗ ಹಿಂಗಿರಬಾರ್ದು" ಎಂದು, ಪ್ರೀತಿಯಿಂದ ಕೋಣೆಯ ನಾಲ್ಕೂ ಗೋಡೆಗೆ ಸುಣ್ಣ ಬಳಿದು ಹೋದ.

ಸೋಮವಾರ ಬೆಳಿಗ್ಗೆ ಪತ್ರಿಕೆಗಾಗಿ ಹನುಮಂತಪ್ಪನೂ ಬಂದ. ಪರದೆ ಕಲ್ಲಾಯಿತು. ಪರಮೇಶಣ್ಣ ಗೋಡೆ ನೋಡಿದ. ಗೋಡೆ ಹಾಲಿನಂತಿತ್ತು.

ಒತ್ತಬೇಕಾದ ಕೀಲಿಗಳೇನೋ ಅವನಿಗೆ ನೆನಪಿದ್ದವು, ಬರೆಯಬೇಕಾದ ಪದವೇ ಮಾಯ. ನಾನೂ ಅದನ್ನು ನೂರು ಸಲ ನೋಡಿದ್ದೆ, ಒಮ್ಮೆಯೂ ಓದಿರಲಿಲ್ಲ. ನಮ್ಮ ಮೂವರದೂ ಬಟನ್ ಫೋನು. ಚನ್ನಗಿರಿಯವನ ಫೋನು ವ್ಯಾಪ್ತಿ ಪ್ರದೇಶದ ಹೊರಗೆ. ಗಂಡಿನ ಸೋದರಮಾವ ಜಗಳೂರು ಬಿಟ್ಟಾಗಿತ್ತು. ಮಧ್ಯಾಹ್ನ ಅವರು ಪತ್ರಿಕೆ ಒಯ್ದು, ಅಂದೇ ಮೊದಲನೆಯದನ್ನು ಮನೆದೇವರ ಮುಂದೆ ಇಡಬೇಕು.

"ಬೀಗರು ಬರಿಗೈಲಿ ಹೋದ್ರೆ, ಹೆಣ್ಣಿನ ಕಡೆಯೋರು ಒಂದು ಕಾಗ್ದ ಮಾಡ್ಸಾಕೂ ಆಗ್ದೋರು ಅಂತಾರೆ ಮೇಷ್ಟ್ರೇ. ಆ ಮಾತನ್ನ ನನ್ ಮಗಳು ಬದುಕಿರೋ ತನಕ ಕೇಳ್ಬೇಕು" ಎಂದ ಹನುಮಂತಪ್ಪ.

ಕಂಪ್ಯೂಟರನ್ನು ನಾಲ್ಕು ಸಲ ಆರಿಸಿ ಹಚ್ಚಿದೆವು. ನಾಲ್ಕು ಸಲವೂ ಕಲ್ಲು. ಗೋಡೆಯನ್ನೇ ನೋಡುತ್ತಿದ್ದ ಹನುಮಂತಪ್ಪ ಎದ್ದು ಹೊರಗೆ ಹೋಗಿ, ಒಂದು ಚೊಂಬು ನೀರು, ತನ್ನ ಬ್ರಷ್ಷು ತಂದ.

"ಸುಣ್ಣ ಒಣಗಿದ ಮ್ಯಾಲೇ ಮುಚ್ಚೋದು. ಹಸಿ ಇದ್ದಾಗ ಒಳಗಿಂದೆಲ್ಲ ತೋರಿಸ್ತೈತೆ. ತಡೀರಿ."

ಕ್ಯಾಲೆಂಡರಿನ ಮೊಳೆಯ ಪಕ್ಕ ನೀರು ಸವರಿದ. ಬಿಳುಪು ಮಂಕಾಯಿತು. ಮೊದಲು ಎಮ್ಮೆ ಕರು ಬಂತು, ಹಿಂದೆಯೇ ಸಿಲಿಂಡರು, ಕೊನೆಗೆ ಐದು ಸಾಲು, ಮಂಜಿನಿಂದ ಎದ್ದು ಬಂದ ಹಾಗೆ.

"ಓದ್ರಿ ಬೇಗ, ಒಣಗ್ತೈತೆ!"

ನಾನು ಓದಿದೆ. ಪರಮೇಶಣ್ಣ ಕುಟ್ಟಿದ. ಎಫ್ ಹತ್ತು. ಪರದೆ ತೆರೆದುಕೊಂಡಿತು. ಅದು ತೆರೆದ ಮೇಲೂ ಹನುಮಂತಪ್ಪ ಗೋಡೆಗೆ ನೀರು ಸವರುತ್ತಲೇ ಇದ್ದ.

ಮಧ್ಯಾಹ್ನ ಬಂದ ಸೋದರಮಾವ ಪತ್ರಿಕೆ ಓದಿ, ತಮ್ಮ ಹೆಸರಿನ ಜಾಗ ನೋಡಿ ತೃಪ್ತರಾಗಿ, ಟೀ ಕುಡಿಯುತ್ತ, "ಗೋಡೆ ಒದ್ದೆ ಐತಲ್ಲ, ಸೋರ್ತೈತೇನು?" ಎಂದರು. "ಹೌದು" ಎಂದೆವು ಮೂವರೂ ಒಂದೇ ಉಸಿರಿಗೆ.

ಇನ್ನಾದರೂ ಪರ್ಮನೆಂಟ್ ಮಾಡಿಸು ಮಾರಾಯ ಎಂದೆ. ಪರಮೇಶಣ್ಣ ಪೆನ್ಸಿಲ್ ಚೂಪು ಮಾಡಿ, ಗೋಡೆ ಒಣಗುವವರೆಗೆ ಕಾದು, ಐದೂ ಸಾಲನ್ನು ಮತ್ತೆ ಬರೆದ.

ಅವನು ಹೋಗಿ ಎರಡು ವರ್ಷವಾಯಿತು. ಕಂಪ್ಯೂಟರು ನನ್ನ ಪಾಲಿಗೆ ಬಂತು, ಸಾಲುಗಳನ್ನು ನಾನೇ ಈ ಗೋಡೆಗೆ ಇಳಿಸಿಕೊಂಡೆ.

"ಈ ಪೇಂಟು ಸುಣ್ಣದಂಗಲ್ಲ ಸಾರ್. ಒಂದ್ಸಲ ಹೊಡೆದ್ರೆ ಪರ್ಮನೆಂಟ್. ನೀರು ಹಾಕಿದ್ರೂ ಏನೂ ಕಾಣಂಗಿಲ್ಲ" ಎಂದ ಸಿದ್ದೇಶ.

ಗೋಡೆಗೆ ಬೆನ್ನು ಹಾಕಿ ಗುಂಡಿ ಒತ್ತಿದೆ. ಮೆನು ಬಂತು. ಒಂದೇ ಬೆರಳಿನಲ್ಲಿ ಕುಟ್ಟಿದೆ; ಪದ ತಾನಾಗಿ ಬಂತು. ಪರದೆಯೂ ತೆರೆಯಿತು. ಹನುಮಂತಪ್ಪನ ಮಗಳ ಪತ್ರಿಕೆ ತೆಗೆದೆ. ನಲವತ್ತೊಂದು ಜನವೂ ತಂತಮ್ಮ ಜಾಗದಲ್ಲಿದ್ದರು. ಎಲ್ಲರ ಕೆಳಗೆ, ಯಾರ ಒಪ್ಪಿಗೆಯೂ ಬೇಕಾಗದ ಜಾಗದಲ್ಲಿ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ: ಮುದ್ರಣ, ಪರಮೇಶಣ್ಣ, ನ್ಯಾಮತಿ.

"ಬಳಿಯಪ್ಪಾ" ಎಂದೆ.

ಬಳಿದ. ಒಣಗಿದ ಮೇಲೆ ಸಿದ್ದೇಶನ ಕಿವಿಯ ಮೇಲಿದ್ದ ಪೆನ್ಸಿಲನ್ನೇ ಇಸಿದುಕೊಂಡು ಹೊಸ ಗೋಡೆಯ ಮೇಲೆ ಮೊದಲ ಸಾಲು ಬರೆಯತೊಡಗಿದೆ.

"ಅಯ್ಯೋ, ಏನ್ ಸಾರ್ ಇದು! ಬಾಯಿಗೇ ಬರ್ತೈತಲ್ಲ, ಮತ್ಯಾಕೆ ಬರೀತೀರಿ?"

"ಇವತ್ತು ಸ್ನಾನ ಮಾಡಿದ್ಯೇನಪ್ಪಾ?" ಎಂದೆ.