ಪುಟ್ಟತ್ತೆ ಹೊತ್ತ ಹರಕೆ

ಒದ್ದೆ ಕಲ್ಲಿನ ಮೇಲೆ ಅರಿಶಿನ ಬಿದ್ದಾಗ ಒಂದು ವಾಸನೆ ಏಳುತ್ತದೆ. ಮಣ್ಣಿನದೂ ಅಲ್ಲ, ಅಡುಗೆಮನೆಯದೂ ಅಲ್ಲ. ಮೊನ್ನೆ ಯಾದವಗಿರಿಯಲ್ಲಿ ಗೆಳತಿಯ ಮನೆಯವರು ಹೊಸಿಲು ತೊಳೆದು ಅರಿಶಿನ ಬಳಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಮೈಯೆಲ್ಲ ಉರಿಯಿತು. ಹಳೆಯದು ನೆನಪಾದರೆ ಕಣ್ಣು ತುಂಬುತ್ತದೆಂದು ಎಲ್ಲರೂ ಬರೆಯುತ್ತಾರೆ. ನನಗೆ ಮೊದಲು ಬರುವುದು ಸಿಟ್ಟು. ನೀವು ಕಳೆದುಕೊಂಡ ಮನೆಯಲ್ಲೂ ಎಲ್ಲರ ಕೆಲಸಕ್ಕೂ ಒದಗಿ ಯಾರ ಲೆಕ್ಕಕ್ಕೂ ಸೇರದೆ ಹೋದ ಒಬ್ಬಳು ಇದ್ದಿರಬೇಕು. ಅವಳನ್ನು ಒಮ್ಮೆ ನೆನೆದುಕೊಂಡು ಮುಂದೆ ಓದಿ.

ನಜರ್‌ಬಾದಿನ ನಮ್ಮ ಮನೆಯಲ್ಲಿ ಅವಳು ಪುಟ್ಟತ್ತೆ, ಅಪ್ಪನ ತಂಗಿ. ಮದುವೆಯಾದ ಮರುವರ್ಷವೇ ಗಂಡ ತೀರಿಕೊಂಡು ತವರಿಗೆ ಬಂದವಳು. ಹಿತ್ತಲಿನ ಒರಳಿನ ಮುಂದೆ ಕೂತರೆ ನೇರ ಎದುರಿಗೆ ಚಾಮುಂಡಿ ಬೆಟ್ಟ. ಅಲ್ಲಿ ಅವಳು ಉದ್ದು ರುಬ್ಬುತ್ತಿದ್ದರೆ ನಾನು ಪಕ್ಕದಲ್ಲಿ ನಿಂತು ಚರ್ಚಾಸ್ಪರ್ಧೆಯ ಭಾಷಣ ಒಪ್ಪಿಸುತ್ತಿದ್ದೆ, ಒಮ್ಮೆ ಪರವಾಗಿ, ಒಮ್ಮೆ ವಿರೋಧವಾಗಿ. “ಎರಡೂ ನಿಜ ಅನ್ನಿಸ್ತದಲ್ಲೇ! ಅದೆಂಗೆ ಇಷ್ಟು ಚೆಂದಾಗಿ ಸುಳ್ಳು ಹೇಳ್ತೀಯೇ?” ಎಂದು ನಗುವಳು. ನಕ್ಕಾಗ ಕೈ ನಿಲ್ಲುತ್ತಿರಲಿಲ್ಲ. ಕಲ್ಲಿನ ಗುಡುಗುಡು ಸದ್ದಿನೊಳಗೇ ಅವಳ ನಗುವೂ ಸುತ್ತುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ವಿಷಮಶೀತ ಜ್ವರ ಬಂತು. ವೈದ್ಯರು ಕೈಚೆಲ್ಲಿದ ದಿನ ಪುಟ್ಟತ್ತೆ ಹಿತ್ತಲಿಗೆ ಓಡಿ, ಬೆಟ್ಟಕ್ಕೆ ಕೈಮುಗಿದು, ಹುಡುಗಿ ಎದ್ದು ಕೂತರೆ ಬೆಟ್ಟದ ಪಾದದಿಂದ ಗುಡಿಯವರೆಗೆ ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತೇನೆಂದು ಹರಕೆ ಹೊತ್ತಳು. ಗಾಬರಿಯಲ್ಲಿ ಒಂದನ್ನು ಮರೆತಿದ್ದಳು. ನಮ್ಮ ಮನೆಯಲ್ಲಿ ಗಂಡ ಸತ್ತವಳು ಕುಂಕುಮ ಮುಟ್ಟುವಂತಿರಲಿಲ್ಲ.

ನಾನು ಎದ್ದು ಕೂತೆ. ಔಷಧಿಯಿಂದ ಎದ್ದೆ ಎಂಬುದು ನನ್ನ ಅಂದಿನ ವಾದ, ಇಂದಿನದೂ ಅದೇ. ಆದರೆ ಹಗಲಿರುಳು ಒದ್ದೆ ಬಟ್ಟೆ ಬದಲಿಸಿದ ಕೈ ಯಾರದೆಂಬುದಕ್ಕೆ ವಾದ ಬೇಕಾಗಿಲ್ಲ. ಮನೆಯ ಯಜಮಾನಿ ದೊಡ್ಡಮ್ಮ ತೀರ್ಪು ಕೊಟ್ಟರು: ಅರಿಶಿನ ಕುಂಕುಮ ತಾವು ಹಚ್ಚುವುದು, ಪುಟ್ಟತ್ತೆ ಮುಂದೆ ಮುಂದೆ ಮೆಟ್ಟಿಲು ತೊಳೆಯುವುದು. ನಾನು ಎದ್ದು ನಿಂತೆ. ಹರಕೆ ಹೊತ್ತ ಬಾಯಿ ಶುದ್ಧ, ತೀರಿಸುವ ಕೈ ಅಶುದ್ಧ, ಇದು ಯಾವ ನ್ಯಾಯ ಎಂದೆ. “ಚರ್ಚೇಲಿ ಕಪ್ಪು ಗೆದ್ಕೊಂಡ್ ಬಂದೆ ಅಂತ ಮನೇಲೂ ಶುರು ಮಾಡ್ಬುಟ್ಟೆಯಾ? ಕೂತ್ಕೊಳ್ಳೇ ಸುಮ್ನೆ,” ಎಂದರು ದೊಡ್ಡಮ್ಮ. ಅಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

ಆಷಾಢದ ಶುಕ್ರವಾರ, ತುಂತುರು ಮಳೆಯಲ್ಲಿ ನಾವು ಮೂವರು ಬೆಟ್ಟ ಹತ್ತಿದೆವು. ಪುಟ್ಟತ್ತೆ ಬಗ್ಗಿ ನೀರು ಸುರಿದು, ಬಟ್ಟೆಯಿಂದ ಒರೆಸಿ, ಮೇಲಿನ ಮೆಟ್ಟಿಲಿಗೆ ಹೋಗುವಳು. ಹಿಂದೆ ದೊಡ್ಡಮ್ಮ ಅರಿಶಿನ ಬಳಿದು ಬೊಟ್ಟಿಡುತ್ತ, ಎದುರು ಸಿಕ್ಕವರಿಗೆಲ್ಲ “ನಮ್ಮ ಹುಡುಗಿಗೋಸ್ಕರ ಕಣ್ರೀ” ಎನ್ನುತ್ತ ಬರುವರು. ಬೆಟ್ಟದ ನಡುವಿನ ನಂದಿಯ ಹತ್ತಿರ ಬರುವಷ್ಟರಲ್ಲಿ ಅವರ ಮಂಡಿ ಹಿಡಿದುಕೊಂಡಿತು. ಅಲ್ಲಿ ರಸ್ತೆಯಲ್ಲಿ ಒಂದು ಕಾರು ನಿಂತಿತ್ತು, ದೊಡ್ಡಪ್ಪನ ಸ್ನೇಹಿತರದು. ಬರಹೇಳಿ ಇಟ್ಟದ್ದು! ತಟ್ಟೆಯನ್ನು ನನ್ನ ಕೈಗಿತ್ತು, “ಮುಂದಿಂದು ನೀನು ಹಚ್ಕೊಂಡ್ ಬಾ, ಮದುವೆ ಆಗೋ ಹುಡುಗಿ,” ಎಂದು ಕಾರು ಹತ್ತಿದರು.

ನನಗೆ ದೇವರ ಮೇಲಲ್ಲ, ಆ ಕಾರಿನ ಮೇಲೆ ಸಿಟ್ಟು ಹೊತ್ತಿಕೊಂಡಿತು. ತಟ್ಟೆಯನ್ನು ಪುಟ್ಟತ್ತೆಯ ಮುಂದೆ ಹಿಡಿದು, “ಈಗ ಮನೆಯೋರು ಯಾರೂ ಇಲ್ಲ, ನೀನೇ ಇಡು. ನಾನಂತೂ ಇಡಲ್ಲ, ನಂಗೆ ನಂಬಿಕೆ ಇಲ್ಲ,” ಎಂದೆ.

“ನಂಬ್ಕೆ ನಂದು ಕಣೇ, ಬೆರಳು ಮಾತ್ರ ನಿಂದು. ಅಷ್ಟೂ ಕೊಡಕ್ಕಾಗಲ್ವಾ?”

ಎಷ್ಟೋ ಎದುರಾಳಿಗಳನ್ನು ಕೂರಿಸಿದ್ದ ನಾನು ತಟ್ಟೆಯನ್ನು ಹಿಂದಕ್ಕೆಳೆದುಕೊಂಡೆ. ಹಲ್ಲು ಕಚ್ಚಿ ಬೊಟ್ಟಿಡುತ್ತ ಹತ್ತಿದೆ. ಗೋಪುರ ಕಾಣಿಸಿ, ಕೊನೆಯ ಮೆಟ್ಟಿಲು ಬಂದಾಗ ಮಾತ್ರ ಪಟ್ಟುಹಿಡಿದು ನಿಂತೆ: “ಇದೊಂದು ನಿಂದೇ. ಇಲ್ದಿದ್ರೆ ಹರಕೆ ಇಲ್ಲೇ ನಿಂತೋಗಲಿ.” ಹಿಂದೆ ಜನ ಬರುತ್ತಿದ್ದರು. ಪುಟ್ಟತ್ತೆ ತಂಬಿಗೆ ಕೆಳಗಿಟ್ಟು ನನ್ನನ್ನೇ ನೋಡಿದಳು. ಆಮೇಲೆ, ಮಗುವಿಗೆ ಮೊದಲ ಅಕ್ಷರ ತಿದ್ದಿಸುವವಳಂತೆ ನನ್ನ ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದು ಕುಂಕುಮಕ್ಕೆ ಅದ್ದಿ, ಕಲ್ಲಿಗೆ ಒತ್ತಿದಳು. ನೋಯುವಷ್ಟು ಒತ್ತಿದಳು. ಅವಳ ಕೈಗೆ ಕುಂಕುಮ ಸೋಕಲಿಲ್ಲ. ಆದರೆ ಆ ಬೊಟ್ಟು ಇಟ್ಟವಳು ಅವಳೇ. ಇದನ್ನು ಅಲ್ಲಗಳೆಯುವವರು ಎದುರಿಗೆ ಬರಲಿ.

ಅಂದು ಸಂಜೆಯೇ ದೊಡ್ಡಮ್ಮ ಪಡಸಾಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ, “ನನ್ನ ಹರಕೆ ತೀರ್ತು,” ಎಂದರು. ತಿಕ್ಕುತ್ತಿದ್ದವಳು ಪುಟ್ಟತ್ತೆ. ಅಲ್ಲಿಂದ ಮುಂದೆ ಮದುವೆ ಮುಂಜಿಗಳಲ್ಲಿ, ಬಂದವರ ಮುಂದೆ, ಅದು ದೊಡ್ಡಮ್ಮನ ಹರಕೆಯಾಗಿಯೇ ಬೆಳೆಯಿತು. ಕಾರು ಮಾತಿನಿಂದ ಮಾಯವಾಯಿತು. ನಾನು ಕಾಲೇಜು ಸೇರಿದ ವರ್ಷ ಪುಟ್ಟತ್ತೆ ತೀರಿಕೊಂಡಳು. ಅವಳ ತಿಥಿಯ ಎಲೆ ಮುಂದೆ ಕೂತೇ ದೊಡ್ಡಮ್ಮ ಆ ಕಥೆಯನ್ನು ಮತ್ತೆ ತೆಗೆದಾಗ, ಅದು ಪುಟ್ಟತ್ತೆಯ ಹರಕೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. “ಯಾರ್ದಾದ್ರೇನು ಬುಡೇ, ತಾಯಿಗೆ ಸಂದಾಯ್ತಲ್ಲ,” ಎಂದರು. ಸುತ್ತಲಿದ್ದವರು ತಲೆಯಾಡಿಸಿ ಪಾಯಸಕ್ಕೆ ಕೈ ಹಾಕಿದರು. ನಾನು ಎಲೆ ಬಿಟ್ಟು ಎದ್ದೆ.

ಈಗ ಆ ಮನೆ ಇಲ್ಲ. ಪಾಲಾಗಿ, ಮಾರಿಹೋಗಿ, ಹಿತ್ತಲಿನಲ್ಲಿ ಯಾರದೋ ಗೋಡೆ ಎದ್ದಿದೆ. ಅಲ್ಲಿಂದ ಬೆಟ್ಟ ಕಾಣುವುದಿಲ್ಲ. ಪಾಲಿನ ದಿನ ಒಂದು ತಂಬಿಗೆಯೂ ಪುಟ್ಟತ್ತೆಯದೆಂದು ಹೊರಬರಲಿಲ್ಲ, ಅವಳದೊಂದು ಪಟವೂ ಇರಲಿಲ್ಲ. ಇಡೀ ಬದುಕಿನಲ್ಲಿ ಅವಳು ತನ್ನದೆಂದು ಬಾಯಿಬಿಟ್ಟು ಹೇಳಿದ್ದು ಆ ಹರಕೆಯೊಂದನ್ನೇ. ಅದನ್ನೂ ಅವಳಿಂದ ಇಸಿದುಕೊಂಡರು.